ತಂಗಳ ರಕ್ತ

ದವಾಖಾನೆಗೆ ಫ್ರಿಜ್ ಬಂದ ದಿನ ಕುಂದಾ ಹಂಚಿದರು. ಸ್ಪೆಷಲ್ ರೂಮಿನವರಿಗೆ ಕುಂದಾ, ಧರ್ಮಾರ್ಥ ವಾರ್ಡಿನವರಿಗೆ ಸಕ್ಕರೆ. ಅದನ್ನೂ ಕೈ ತಾಗದಂತೆ ಮೇಲಿನಿಂದ ಉದುರಿಸಿದರು. ಫ್ರಿಜ್ ಕೊಡಿಸಿದವರು ರವಿವಾರ ಪೇಟೆಯ ಬೆಲ್ಲದ ವ್ಯಾಪಾರಿ ಪಾಂಡುರಂಗ ಸಾವಕಾರರು. ಬಾಗಿಲ ಮೇಲೆ ಅವರ ಹೆಸರನ್ನು ಕೆಂಪು ಬಣ್ಣದಲ್ಲಿ ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ ಬರೆಸಿದ್ದರು. ದಾನ ಮಾಡಿದ್ದು ಯಾವ ಭಾಷೆಯವನ ಕಣ್ಣಿಗೂ ತಪ್ಪಬಾರದಲ್ಲ! ದವಾಖಾನೆ ನಡೆಸುವ ಅವಧೂತ ಡಾಕ್ಟರು ಫ್ರಿಜ್ಜಿಗೆ ಹಾರ ಹಾಕಿ, ಕಾಯಿ ಒಡೆದು, ಇನ್ನು ಮುಂದೆ ಬೆಳಗಾವಿಯ ಬಡವರು ರಕ್ತಕ್ಕಾಗಿ ಒದ್ದಾಡುವಂತಿಲ್ಲ ಎಂದು ಭಾಷಣ ಬಿಗಿದರು. ಬಡವರು ಅಂಗೈಯ ಸಕ್ಕರೆ ನೆಕ್ಕುತ್ತ ಕೇಳಿದರು. ಅವರಲ್ಲಿ ಖಾನಾಪುರದ ಕಾಸಿಮಸಾಬನೂ ಇದ್ದ. ಅದು ಎಂಬತ್ತಮೂರನೇ ಇಸವಿ.

ಕಾಸಿಮಸಾಬನ ಮಗಳು ಮುನವ್ವರಾಗೆ ಆಗ ಎಂಟು ವರ್ಷ. ಅವಳ ಮೈಯಲ್ಲಿ ರಕ್ತ ನಿಲ್ಲುವುದಿಲ್ಲ. ನಿಲ್ಲುವುದಿಲ್ಲ ಅಂದರೆ ಹೊರಗೆ ಸುರಿಯುವುದಲ್ಲ, ಒಳಗೇ ಕರಗಿ ಹೋಗುವುದು. ಕೂಸಾಗಿದ್ದಾಗಿನಿಂದ ಇದೇ ಕಾಯಿಲೆ. ಬೇರೆಯವರ ರಕ್ತ ಹಾಕಿದ ಕೂಡಲೇ ಹುಡುಗಿ ಓಡುತ್ತಾಳೆ, ಓಣಿಯ ಹುಡುಗರ ಕಾಲರ್ ಹಿಡಿದು ಜಗಳ ತೆಗೆಯುತ್ತಾಳೆ. ತಿಂಗಳು ತುಂಬುತ್ತ ಬಂದಂತೆ ತುಟಿ ಬಿಳಿಚುತ್ತದೆ, ಗೋಡೆ ಹಿಡಿದು ನಡೆಯುತ್ತಾಳೆ. ಆಗ ಅಪ್ಪ ಅವಳನ್ನು ಹೆಗಲಿಗೆ ಹಾಕಿಕೊಂಡು ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತಬೇಕು.

ಧರ್ಮಾರ್ಥ ವಾರ್ಡಿನ ಧರ್ಮ ಹೀಗಿತ್ತು. ಒಂದು ಬಾಟಲಿ ರಕ್ತ ಬೇಕಾದವರು ಒಂದು ಬಾಟಲಿ ರಕ್ತ ಕೊಡಬೇಕು. ಒಂದು ತಿಂಗಳು ಕಾಸಿಮಸಾಬ ಕೊಡುತ್ತಿದ್ದ. ಮುಂದಿನ ತಿಂಗಳು ಅವನ ಹೆಂಡತಿ ಬಿಲ್ಕೀಸ. ಅದರ ಮುಂದಿನ ತಿಂಗಳು ಅವಳ ತಮ್ಮ ರಸೂಲಸಾಬ. ಮೂವರದೂ ಹುಡುಗಿಯದೂ ಒಂದೇ ಗುಂಪು. ಸ್ಪೆಷಲ್ ರೂಮಿನವರಿಗೆ ಈ ಕಾನೂನು ಇರಲಿಲ್ಲ. ಅವರ ತೋಳುಗಳು ಬಳೆಗೆ, ಗಡಿಯಾರಕ್ಕೆ ಮೀಸಲು. ಅವರಿಗೆ ರಕ್ತ ಬೇಕಾದಾಗಲೂ ಧರ್ಮಾರ್ಥ ವಾರ್ಡಿನ ಬೆಂಚಿನ ಕಡೆಗೇ ನೋಡುತ್ತಿದ್ದರು.

ಮೊದಲು ಗಾಜಿನ ಬಾಟಲಿಗಳಿದ್ದವು. ನರ್ಸ್ ಗಂಗೂಬಾಯಿ ಅವನ್ನು ಕುದಿಸಿ, ಒಣಗಿಸಿ ಇಡುತ್ತಿದ್ದಳು. ಫ್ರಿಜ್ ಇಲ್ಲದ ದವಾಖಾನೆಯಲ್ಲಿ ರಕ್ತ ಕಾಯ್ದಿಡುವ ಮಾತೇ ಇರಲಿಲ್ಲ. ಈ ಮಂಚದಲ್ಲಿ ಅಪ್ಪನ ತೋಳಿನಿಂದ ಇಳಿದದ್ದು ಸ್ವಲ್ಪ ಹೊತ್ತಿಗೆ ಆ ಮಂಚದಲ್ಲಿ ಮಗಳ ತೋಳಿಗೆ ಏರುತ್ತಿತ್ತು. ಬಾಟಲಿ ಇನ್ನೂ ಬೆಚ್ಚಗಿರುತ್ತಿತ್ತು. ಮುನವ್ವರಾ ಅದರ ಮೇಲೆ ಅಂಗೈ ಇಟ್ಟು ಅಪ್ಪನ ಕಡೆ ನೋಡಿ ನಗುತ್ತಿದ್ದಳು.

ಫ್ರಿಜ್ಜಿನ ಹಿಂದೆಯೇ ಪ್ಲಾಸ್ಟಿಕ್ ಚೀಲಗಳು ಬಂದವು. ಒಡೆಯುವುದಿಲ್ಲ, ಕುದಿಸಬೇಕಾಗಿಲ್ಲ, ಒಂದರ ಮೇಲೊಂದು ಒಟ್ಟಬಹುದು. ವಾರ್ಡಿನ ಜನ ಹೆದರಿದರು. ನಂದಗಡದ ಕಡೆಯ ಭೀಮಕ್ಕ, ಅವಳ ಮಗನಿಗೂ ಇದೇ ಕಾಯಿಲೆ, ಪ್ಲಾಸ್ಟಿಕ್ಕಿನೊಳಗಿನದು ಮಗನಿಗೆ ಬೇಡವೇ ಬೇಡ ಎಂದು ಹಟ ಹಿಡಿದು ಕೂತಳು. ಆಗ ಅವಳಿಗೆ ಧೈರ್ಯ ಹೇಳಿದವನು ಕಾಸಿಮಸಾಬ. ಚೀಲವನ್ನು ಬೆರಳಲ್ಲಿ ಒತ್ತಿ ನೋಡಿ, ಇದು ನಮ್ಮ ಕೆಲಸದ ಮಾಲು, ನನಗೆ ಇದರ ನಾಡಿ ಗೊತ್ತು ಎಂದ. ಆ ದಿನ ಅವನ ಎದೆ ಒಂದಿಷ್ಟು ಉಬ್ಬಿತ್ತು. ದೊಡ್ಡವರ ದವಾಖಾನೆಯಲ್ಲಿ ತನಗೆ ಗೊತ್ತಿರುವ ವಸ್ತುವೊಂದು ಕಂಡಿತಲ್ಲ ಎಂಬ ಹುಚ್ಚು ಖುಷಿ. ಬಡವ ಇಂಥದಕ್ಕೇ ಬೇಗ ಮೋಸ ಹೋಗುತ್ತಾನೆ.

ಅವನು ಉದ್ಯಮಬಾಗದ ಒಂದು ಶೆಡ್ಡಿನಲ್ಲಿ ಮೆತ್ತನೆಯ ನಳಿಕೆ, ಹಾಳೆ ಮಾಡುವ ಕೆಲಸಕ್ಕಿದ್ದ. ಬಿಳಿ ಪುಡಿಯನ್ನು ದೊಡ್ಡ ಹಂಡೆಗೆ ಸುರಿಯಬೇಕು. ಡ್ರಮ್ಮಿನಿಂದ ಎಣ್ಣೆ ಹೊಯ್ಯಬೇಕು. ಬಿಸಿಯಲ್ಲಿ ತಿರುಗಿಸಬೇಕು. ಎಣ್ಣೆ ಹಾಕದಿದ್ದರೆ ಮಾಲು ಸೆಟೆದು ಹಪ್ಪಳದಂತೆ ಮುರಿಯುತ್ತದೆ. ಎಣ್ಣೆ ಕುಡಿದರೆ ಮೆತ್ತಗೆ ಬಾಗುತ್ತದೆ. ಹೊಗೆಯಲ್ಲಿ ಕಣ್ಣು ಉರಿಯುತ್ತಿತ್ತು. ಕೈಗೆ ಹತ್ತಿದ ಜಿಡ್ಡು ಸಾಬೂನಿಗೂ ಬೂದಿಗೂ ಬಗ್ಗುತ್ತಿರಲಿಲ್ಲ. ಅವನು ಎತ್ತಿಕೊಂಡರೆ ಮುನವ್ವರಾ ಮೂಗು ಮುಚ್ಚಿಕೊಳ್ಳುತ್ತಿದ್ದಳು.

ಆ ಶೆಡ್ಡಿನ ಕೂಲಿಗಳಲ್ಲಿ ಒಂದು ರೂಢಿ ಇತ್ತು. ತಾವೇ ಮಾಡಿದ ಹಾಳೆಯಲ್ಲಿ ಯಾರೂ ಬುತ್ತಿ ಕಟ್ಟುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಲ್ಲರೂ ಒಮ್ಮೆ ಕಟ್ಟಿದವರೇ. ಪುಕ್ಕಟೆ ಸಿಕ್ಕ ಚೂರು, ಯಾರಿಗೆ ಬೇಡ? ಕಾಸಿಮಸಾಬನೂ ರೊಟ್ಟಿಯ ಮೇಲೆ ಎಣ್ಣೆ ಹಾಕಿ ಕಲಸಿದ ಶೇಂಗಾ ಚಟ್ನಿ ಇಟ್ಟು ಕಟ್ಟಿ ತಂದಿದ್ದ. ಮಧ್ಯಾಹ್ನ ಬಿಚ್ಚಿದರೆ ಚಟ್ನಿಗೆ ಶೆಡ್ಡಿನ ವಾಸನೆ. ಆ ಮೇಲೆ ಎಲ್ಲರಂತೆ ಹಳೆ ಧೋತರದ ತುಂಡಿಗೆ ಬಂದ. ಯಾಕೆ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ರಕ್ತದ ಚೀಲ ಒತ್ತಿ ನೋಡಿದ ದಿನ ಆ ಚಟ್ನಿ ಅವನಿಗೆ ನೆನಪಾಗಲಿಲ್ಲ. ದವಾಖಾನೆಯ ಮಾಲು ಅಂದರೆ ಬೇರೆ ಇರಬೇಕು, ಓದಿದವರು ನೋಡಿಯೇ ತಂದಿರುತ್ತಾರೆ ಎಂದುಕೊಂಡ.

ಫ್ರಿಜ್ಜಿನೊಳಗೂ ಮೇಲು ಕೀಳು ಹುಟ್ಟಲು ತಡವಾಗಲಿಲ್ಲ. ಮೇಲಿನ ಅಂತಸ್ತಿನಲ್ಲಿ ಇಂದು ನಿನ್ನೆಯ ರಕ್ತ. ಕೆಳಗೆ ಹೋದಂತೆ ಹಳೆಯದು. ಎಲ್ಲಕ್ಕೂ ಕೆಳಗೆ, ವಾರಗಟ್ಟಲೆ ಮಲಗಿ ಅವಧಿ ಮುಗಿಯಲು ಬಂದದ್ದು. ಮೇಲಿನದು ಸ್ಪೆಷಲ್ ರೂಮಿಗೆ, ಕೆಳಗಿನದು ಧರ್ಮಾರ್ಥ ವಾರ್ಡಿಗೆ. ಕಾಸಿಮಸಾಬ ಬೆಳಿಗ್ಗೆ ಕೊಟ್ಟ ರಕ್ತ ಮೇಲೆ ಹೋಗಿ ಕೂಡುತ್ತಿತ್ತು. ಅವನ ಮಗಳಿಗೆ ತಳದ ಚೀಲ ಬರುತ್ತಿತ್ತು. ಹಿತ್ತಲ ಬಾಗಿಲಲ್ಲಿ ತಂಗಳು ಹಾಕಿದ ಹಾಗೆ. ಇದೇನು ಎಂದು ಗಂಗೂಬಾಯಿಯನ್ನು ಕೇಳಿದ. ತಾರೀಖು ಇನ್ನೂ ಮುಗಿದಿಲ್ಲ, ಡಾಕ್ಟರ ಹುಕುಮು ಎಂದಳು. ಅವನು ಸುಮ್ಮನಾದ. ಆ ವಾರ್ಡಿನಲ್ಲಿ ಸುಮ್ಮನಾಗುವುದನ್ನು ಎಲ್ಲರೂ ಬಹಳ ಬೇಗ ಕಲಿಯುತ್ತಿದ್ದರು.

ಹೀಗೇ ಒಂದು ವರ್ಷ ದಾಟಿತು. ಮುಂದೊಂದು ದಿನ ಅವನ ಸರದಿ ಇತ್ತು. ಮಗಳನ್ನು ವಾರ್ಡಿನಲ್ಲಿ ಮಲಗಿಸಿ ಬಂದು ಮಂಚದ ಮೇಲೆ ಒರಗಿ ತೋಳು ಚಾಚಿದ. ಗಂಗೂಬಾಯಿ ಗಾಜಿನ ಬಾಟಲಿ ತಂದಳು. ಎಷ್ಟೋ ದಿನದ ಮೇಲೆ ಗಾಜು ಕಂಡು ಅವನಿಗೆ ಹಿಗ್ಗಾಯಿತು. ಇವತ್ತು ಮಗಳಿಗೆ ಬೆಚ್ಚಗಿನ ರಕ್ತ ಎಂದುಕೊಂಡ. ಮಗಳಿಗಲ್ಲ, ಪಾಂಡುರಂಗ ಸಾವಕಾರರ ಮನೆಯವರಿಗೆ ಎಂದು ಗಂಗೂಬಾಯಿ ತಲೆ ತಗ್ಗಿಸಿ ಹೇಳಿದಳು. ಸಾವಕಾರರ ಹೆಂಡತಿ ಸುಹಾಸಿನಿಬಾಯಿಗೆ ನಾಳೆ ಪಿತ್ತಕೋಶದ ಕಲ್ಲು ತೆಗೆಯುವುದಿತ್ತು. ಅವಸರದ್ದೇನಲ್ಲ, ಮುಹೂರ್ತ ನೋಡಿ ಇಟ್ಟುಕೊಂಡ ಆಪರೇಷನ್. ಅವರದೂ ಅದೇ ಗುಂಪು. ಡಾಕ್ಟರು ತಾಜಾ ರಕ್ತವೇ ಬೇಕು, ಗಾಜಿನಲ್ಲೇ ಹಿಡಿಯಬೇಕು ಎಂದಿದ್ದರಂತೆ. ಗಂಗೂಬಾಯಿ ಸೂಜಿ ಚುಚ್ಚಿ, ಅವನ ಅಂಗೈಗೆ ಬಟ್ಟೆಯ ಸುರುಳಿ ಕೊಟ್ಟು, ಹಿಚುಕುತ್ತ ಇರು ಎಂದಳು. ಅವನು ಹಿಚುಕುತ್ತ ಮಲಗಿದ.

ಆಗ ಸಾವಕಾರರೂ ಡಾಕ್ಟರೂ ಒಳಗೆ ಬಂದರು. ಮಂಚದ ಆ ಬದಿಗೆ ಒಬ್ಬರು, ಈ ಬದಿಗೆ ಒಬ್ಬರು ನಿಂತರು. ನಡುವೆ ಮಲಗಿದವನನ್ನು ಇಬ್ಬರೂ ನೋಡಲಿಲ್ಲ. ಸಾವಕಾರರಿಗೆ ಒಂದು ಬೇಜಾರಿತ್ತು. ತಾವು ಕೊಡಿಸಿದ ಫ್ರಿಜ್ ಇರುವಾಗ, ಅದರ ತುಂಬ ರಕ್ತ ಇರುವಾಗ, ತಮ್ಮ ಮನೆಯವರಿಗೇ ಅದರಿಂದ ಯಾಕೆ ತೆಗೆದುಕೊಳ್ಳುವುದಿಲ್ಲ? ಮರಾಠಿಯಲ್ಲಿ ಕೇಳಿದರು. ಡಾಕ್ಟರು ಮರಾಠಿಯಲ್ಲೇ ತಿಳಿಸಿ ಹೇಳಿದರು. ಆ ಚೀಲ ಮೆತ್ತಗಿರಲಿ ಎಂದು ಅದಕ್ಕೆ ಒಂದು ಎಣ್ಣೆ ಬೆರೆಸಿರುತ್ತಾರೆ. ರಕ್ತ ಅದರೊಳಗೆ ಇದ್ದಷ್ಟು ದಿನವೂ ಆ ಎಣ್ಣೆ ರಕ್ತಕ್ಕೆ ಇಳಿಯುತ್ತಿರುತ್ತದೆ. ಹೆಚ್ಚು ದಿನ ಇಟ್ಟರೆ ಹೆಚ್ಚು ಎಣ್ಣೆ. ಹೊರದೇಶದವರು ಇದನ್ನು ಕಂಡುಹಿಡಿದು ಎಷ್ಟೋ ವರ್ಷವಾಯಿತು. ಅದು ಮೈಗೆ ಏನು ಮಾಡುತ್ತದೆ ಎಂದು ಇನ್ನೂ ಯಾರಿಗೂ ಪಕ್ಕಾ ಗೊತ್ತಿಲ್ಲ. ಮಾಡದೆಯೂ ಇರಬಹುದು. ಆದರೆ ಹಿಂದವಾಡಿಯ ನಮ್ಮ ಮನೆಯವರಿಗಾದರೆ ನಾನು ಗಾಜಿನ ತಾಜಾ ರಕ್ತವನ್ನೇ ಹಾಕುತ್ತೇನೆ, ನಿಮ್ಮವರಿಗೂ ಅದನ್ನೇ.

ಕಾಸಿಮಸಾಬನಿಗೆ ಆಗ ಚಟ್ನಿಯ ವಾಸನೆ ಬಂತು. ಖರೆ ಮೂಗಿಗೇ ಬಂತು.

ಸಾವಕಾರರು ವಾರ್ಡಿನ ಕಡೆ ಗದ್ದ ತೋರಿಸಿ, ಹಾಗಾದರೆ ಆ ಮಕ್ಕಳು ಎಂದರು. ಕೇಳಬೇಕಲ್ಲ ಎಂದು ಕೇಳಿದ್ದು. ಡಾಕ್ಟರು ದನಿ ತಗ್ಗಿಸಲೂ ಇಲ್ಲ. ಮರಾಠಿಯಲ್ಲಿ ಆಡಿದ ಆ ಮಾತು ಕನ್ನಡದಲ್ಲಿ ಹೀಗಾಗುತ್ತದೆ.

“ತಿಂಗಳ ತಿಂಗಳ ರಕ್ತ ಹಾಕಿಸ್ಕೊಳ್ಳೋ ಮಕ್ಕಳರಿ ಅವು. ಎಣ್ಣಿ ಏನರ ಮಾಡಿದ್ರೂ ಇಪ್ಪತ್ತ ವರ್ಷದ ಮ್ಯಾಲ ಮಾಡತೈತಿ. ಅಲ್ಲೀತನಕ ಇವು ಎಲ್ಲಿರತಾವ?”

ಸಾವಕಾರರು ತಲೆ ಆಡಿಸಿದರು. ಅವರ ಮುಖದಲ್ಲಿ ನೆಮ್ಮದಿ ಕಂಡಿತು. ಮನುಷ್ಯರಲ್ಲಿ ಎಂಥ ಹಲ್ಕಾ ಜಾತಿ ಇದೆಯೆಂದು ನೋಡಬೇಕಾದವರು ಆ ನೆಮ್ಮದಿಯನ್ನು ನೋಡಬೇಕಿತ್ತು.

ಇದು ನಡೆಯುವಾಗಲೂ ಕಾಸಿಮಸಾಬನ ಮುಷ್ಟಿ ಹಿಚುಕುತ್ತಲೇ ಇತ್ತು. ಮಗಳ ಸಾವಿನ ಲೆಕ್ಕ ಹಾಕುವವರ ಮಾತು ಕಿವಿಯಲ್ಲಿ, ಅವರ ಮನೆಯವಳಿಗಾಗಿ ರಕ್ತ ದೂಡುವ ಕೆಲಸ ಕೈಯಲ್ಲಿ. ಅದು ಗೊತ್ತಾಗಿ ಅವನಿಗೆ ತನ್ನ ಕೈಯ ಮೇಲೇ ಅಸಹ್ಯ ಹುಟ್ಟಿತು. ಮುಷ್ಟಿ ನಿಂತಿತು. ಬಾಟಲಿ ಅರ್ಧಕ್ಕಿತ್ತು. ಗಂಗೂಬಾಯಿ ಅವನ ಮುಖ ನೋಡಿದಳು. ಒಂದು ಗಳಿಗೆ ಬಿಟ್ಟು ಅವನು ಮತ್ತೆ ಹಿಚುಕತೊಡಗಿದ, ಮೊದಲಿಗಿಂತ ಜೋರಾಗಿ. ಇದು ಯಾರಿಗೆ ಹೋಗಬೇಕು ಎಂದು ಈಗ ಅವನು ನಿರ್ಧಾರ ಮಾಡಿದ್ದ.

ಬಾಟಲಿ ತುಂಬಿದ ಮೇಲೆ ಗಂಗೂಬಾಯಿ ನಳಿಕೆ ಬಿಗಿ ಮಾಡಿ ಸೂಜಿ ಕಿತ್ತಳು. ಅವಳು ಎತ್ತುವ ಮೊದಲೇ ಕಾಸಿಮಸಾಬ ಎದ್ದು ಕೂತು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ತೊಡೆಯ ಮೇಲಿಟ್ಟುಕೊಂಡ. ತಲೆ ಗಿರ್ರೆಂದಿತು. ಬಾಟಲಿ ಬಿಡಲಿಲ್ಲ.

“ಇದು ನನ್ನ ಮಗಳಿಗ್ರಿ.”

ಡಾಕ್ಟರು ಮೊದಲು ನಕ್ಕರು. ನಿನ್ನ ಮಗಳಿಗೆ ಚೀಲ ಆಗಲೇ ತೆಗೆದಿಟ್ಟಿದೆ, ಅದೂ ರಕ್ತವೇ, ಇದೂ ರಕ್ತವೇ, ಫರಕು ಏನೂ ಇಲ್ಲ, ಹುಚ್ಚರ ಹಾಗೆ ಮಾಡಬೇಡ ಎಂದರು.

“ಫರಕ ಇಲ್ಲಂದ್ರ ಆ ಚೀಲಾನ ಸಾವಕಾರರ ಮನಿಯವರಿಗೆ ಹಚ್ಚರಿ.”

ನಗು ನಿಂತಿತು. ನಿನಗೆ ಮರಾಠಿ ಬರುತ್ತದೋ ಎಂದು ಡಾಕ್ಟರು ಕೇಳಿದರು. ಖಾನಾಪುರದಾಂವ ರೀ ನಾನು ಎಂದ ಕಾಸಿಮಸಾಬ. ಅದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಖಾನಾಪುರದ ಪೇಟೆಯಲ್ಲಿ ನಾಲ್ಕು ಹೆಜ್ಜೆ ನಡೆದವನಿಗೂ ಮರಾಠಿ ಬರುತ್ತದೆ. ಆದರೆ ಮಂಚಕ್ಕೆ ಕಿವಿ ಇದೆಯೋ ಎಂದು ಯಾರು ವಿಚಾರ ಮಾಡುತ್ತಾರೆ? ಡಾಕ್ಟರಿಗೆ ನಾಚಿಕೆ ಆಗಲಿಲ್ಲ. ಸಿಟ್ಟು ಬಂತು. ಪುಕ್ಕಟೆ ಹಾಸಿಗೆ ಕೊಟ್ಟದ್ದು, ಪುಕ್ಕಟೆ ಔಷಧ ಕೊಟ್ಟದ್ದು, ತಮ್ಮ ದೊಡ್ಡ ಮನಸ್ಸು, ಎಲ್ಲವನ್ನೂ ಒದರಿದರು. ನಾಳೆಯಿಂದ ಈ ಮೆಟ್ಟಿಲು ಹತ್ತಬೇಡ ಎಂದರು. ಬಾಟಲಿ ಕಸಿಯಲು ಕೈ ಚಾಚಿದರು.

ಕಾಸಿಮಸಾಬ ಬಾಟಲಿ ಹಿಡಿದೇ ಎದ್ದು ನಿಂತ. ಅದು ಬಿದ್ದರೆ ಯಾರಿಗೂ ಇಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವನು ಡಾಕ್ಟರ ಕಡೆ ನೋಡಲೂ ಇಲ್ಲ, ಸಾವಕಾರರ ಕಡೆ ತಿರುಗಿದ.

“ನನ್ನ ಮಗಳಿಗೆ ಇದನ್ನ ಹಚ್ಚಲಿಲ್ಲಂದ್ರ ರವಿವಾರ ಪ್ಯಾಟ್ಯಾಗ ನಿಮ್ಮ ಅಂಗಡಿ ಮುಂದ ನಿಂದರತೀನ್ರಿ ಸಾವಕಾರ. ನಿಮ್ಮ ಹೆಸರಿನ ಫ್ರಿಜ್ಜಿನ್ಯಾಗಿನ ರಕ್ತ ನಿಮ್ಮ ಮನಿಯವರಿಗೆ ಬ್ಯಾಡಾತು, ಬಡವರ ಮಕ್ಕಳಿಗೆ ಹಾಕಾಕತ್ಯಾರ ಅಂತ ಒದರತೀನಿ. ಕನ್ನಡದಾಗೂ ಒದರತೀನಿ, ಮರಾಠಿಯೊಳಗೂ ಒದರತೀನಿ.”

ಸಾವಕಾರರ ಬಣ್ಣ ಇಳಿಯಿತು. ಮಕ್ಕಳ ಮಾತು ಕೇಳಿದಾಗ ಇಳಿಯದ ಬಣ್ಣ, ಅಂಗಡಿಯ ಮಾತಿಗೆ ಇಳಿಯಿತು. ಡಾಕ್ಟರ ತೋಳು ಹಿಡಿದು, ಹಚ್ಚಿಬಿಡ್ರಿ, ಅವನ ಮಗಳಿಗೇ ಹಚ್ಚಿಬಿಡ್ರಿ ಎಂದು ಗೊಣಗಿದರು. ಹಾಗಾದರೆ ನಿಮ್ಮ ಮನೆಯವರಿಗೆ ಈಗ ನೀವೇ ಕೊಡಬೇಕಾಗುತ್ತದೆ, ನಿಮ್ಮ ಗುಂಪೂ ಅದೇ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಸಾವಕಾರರಿಗೆ ಕೂಡಲೇ ಒಂದು ಲಾರಿ ಮಾಲು ಇಳಿಸಿಕೊಳ್ಳುವುದು ನೆನಪಾಯಿತು. ಸಕ್ಕರೆ ಕಾಯಿಲೆಯ ಸಂಶಯ ನೆನಪಾಯಿತು. ಇವತ್ತು ಏಕಾದಶಿ ಎಂಬುದೂ ನೆನಪಾಯಿತು. ಕೊನೆಗೆ ಬೇರೆ ದಾರಿ ಕಾಣದೆ, ಕಾಸಿಮಸಾಬ ಎದ್ದ ಮಂಚದ ಮೇಲೆ ಹಾಸಿಗೆ ಬದಲಿಸಲು ಹೇಳಿ, ಹಾಸಿಗೆ ಬದಲಿಸಿದ ಮೇಲೆ ಕಣ್ಣು ಮುಚ್ಚಿ ಮಲಗಿದರು. ಸೂಜಿ ತೋಳಿಗೆ ತಾಗುವ ಮೊದಲೇ ಚೀರಿದರು. ವಾರ್ಡಿನ ಮಕ್ಕಳು ಆ ಸೂಜಿಯನ್ನು ತಿಂಗಳ ತಿಂಗಳ ತುಟಿ ಕಚ್ಚಿ ಚುಚ್ಚಿಸಿಕೊಳ್ಳುತ್ತಿದ್ದವು.

ಮುನವ್ವರಾಗೆ ಗಾಜಿನ ಬಾಟಲಿ ಏರಿತು. ಕಾಸಿಮಸಾಬ ಮಂಚದ ಕಾಲಿಗೆ ಒರಗಿ ನೆಲಕ್ಕೆ ಕೂತು ಭೀಮಕ್ಕನಿಗೆ ಎಲ್ಲ ಹೇಳಿದ. ತಾನೇ ಚೀಲದ ವಕಾಲತ್ತು ಮಾಡಿದ್ದನ್ನೂ ನೆನಪಿಸಿ ತಪ್ಪಾಯಿತವ್ವ ಎಂದ. ಅವಳು ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಮಗನ ತಲೆ ಸವರುತ್ತ ಕೂತಳು.

ಸಂಜೆಯ ಗಾಡಿಗೆ ಮನೆಗೆ ಬಂದರು. ಬಿಲ್ಕೀಸ ಹಂಚಿನ ಕಾರಖಾನೆಯಿಂದ ಆಗ ತಾನೇ ಬಂದಿದ್ದಳು. ದಿನವಿಡೀ ಹಸಿ ಹಂಚು ಹೊತ್ತು ಕತ್ತು ಒಂದು ಕಡೆಗೆ ಸೆಟೆದಿತ್ತು. ಹಿಟ್ಟು ನಾದುತ್ತ ಎಲ್ಲ ಕೇಳಿದಳು. ಎಣ್ಣೆಯ ಮಾತಿಗೂ ನಾದುವುದು ನಿಲ್ಲಲಿಲ್ಲ. ಇಪ್ಪತ್ತು ವರ್ಷದ ಮಾತು ಬಂದಾಗ ಅವಳ ಕೈ ನಿಂತಿತು. ಅದನ್ನು ಆ ಡಾಕ್ಟರ ನಿನಗೆ ಹೇಳಿದನೋ ಎಂದು ಕೇಳಿದಳು. ನನಗಲ್ಲ, ಸಾವಕಾರನಿಗೆ ಹೇಳಿದ್ದು, ನಾನು ನಡುವೆ ಮಲಗಿದ್ದೆ ಎಂದ ಕಾಸಿಮಸಾಬ. ಮುಂದಿನ ತಿಂಗಳು ನನ್ನ ಸರದಿ, ನನಗೆ ಹೇಳಲಿ ಎಂದಳು ಬಿಲ್ಕೀಸ. ಮತ್ತೆ ಹಿಟ್ಟು ನಾದಿದಳು.

ಮುಂದಿನ ತಿಂಗಳು ಅವಳೂ ಅವನೂ ಕೆಲಸಕ್ಕೆ ಚಕ್ಕರ್ ಹಾಕಿ ಮಗಳೊಂದಿಗೆ ಹೋದರು. ಯಾರೂ ತಡೆಯಲಿಲ್ಲ. ಮೆಟ್ಟಿಲು ಹತ್ತಬೇಡ ಎಂದದ್ದನ್ನು ಡಾಕ್ಟರು ಮರೆತಿರಲಿಲ್ಲ, ಆದರೆ ಆ ವಾರ ಸ್ಪೆಷಲ್ ರೂಮುಗಳೆಲ್ಲ ತುಂಬಿದ್ದವು, ಆಪರೇಷನ್ನಿನ ಮೇಲೆ ಆಪರೇಷನ್ ಇತ್ತು, ತೋಳುಗಳು ಬೇಕಾಗಿದ್ದವು. ಗಾಜಿನ ಬಾಟಲಿಗಳನ್ನು ಮಾತ್ರ ಕಪಾಟಿಗೆ ಹಾಕಿ ಬೀಗ ಜಡಿದಿದ್ದರು. ಕೀಲಿ ಡಾಕ್ಟರ ಕಿಸೆಯಲ್ಲಿತ್ತು. ಮಂಚದ ಪಕ್ಕದಲ್ಲಿ ಚೀಲ ಸಿದ್ಧವಾಗಿತ್ತು. ಬೆಂಚಿನ ಮೇಲೆ ಭೀಮಕ್ಕ, ಅವಳ ಬಾಯಿಂದ ಎಣ್ಣೆಯ ಸುದ್ದಿ ತಿಳಿದ ನಾಲ್ಕಾರು ಜನ ಸರದಿಗೆ ಕೂತಿದ್ದರು.

ಬಿಲ್ಕೀಸ ಮಂಚದ ಮೇಲೆ ಮಲಗಿದಳು. ಆದರೆ ತೋಳು ಚಾಚಲಿಲ್ಲ. ಎದೆಯ ಮೇಲೆ ಮಡಚಿ ಹಿಡಿದಳು. ಗಂಗೂಬಾಯಿ ಕೇಳಿಕೊಂಡಳು, ಗದರಿದಳು, ಕೊನೆಗೆ ಡಾಕ್ಟರನ್ನು ಕರೆದಳು. ಬಾಗಿಲಲ್ಲಿ ಮಗಳನ್ನು ಎತ್ತಿಕೊಂಡು ನಿಂತಿದ್ದ ಕಾಸಿಮಸಾಬನನ್ನು ಡಾಕ್ಟರು ಕೆಕ್ಕರಿಸಿ ನೋಡಿ, ಈಗ ಹೆಂಗಸರನ್ನು ಮುಂದೆ ಬಿಟ್ಟಿದ್ದೀಯೋ ಎಂದರು. ಅವನು ಹೆಂಡತಿಯ ಕಡೆ ಕೈ ತೋರಿಸಿದ. ಅದು ಅವನ ಸರದಿ ಆಗಿರಲಿಲ್ಲ.

“ಡಾಕ್ಟರ, ನನ್ನ ಮಗಳು ಎಷ್ಟ ವರ್ಷ ಇರತಾಳ?” ಎಂದಳು ಬಿಲ್ಕೀಸ, ಮಲಗಿದಲ್ಲಿಂದಲೇ. “ಸಾವಕಾರಗ ಹೇಳೀರಂತ. ನನಗೂ ಹೇಳ್ರಿ.”

ಡಾಕ್ಟರು ಏನೇನೋ ಹೇಳಿದರು. ಅದು ದೊಡ್ಡವರ ನಡುವಿನ ಮಾತು ಎಂದರು, ನಿನಗೆ ತಿಳಿಯುವುದಿಲ್ಲ ಎಂದರು, ಕೆಲಸಕ್ಕೆ ತಡವಾಗುತ್ತಿದೆ ಎಂದರು. ಅವಳು ತೋಳು ಬಿಚ್ಚಲಿಲ್ಲ, ಕಣ್ಣನ್ನೂ ಅವರ ಮುಖದಿಂದ ತೆಗೆಯಲಿಲ್ಲ. ಗಂಡ ಮಲಗಿದ ಮಂಚದ ಪಕ್ಕ ನಿಂತು ಅಷ್ಟು ಸಲೀಸಾಗಿ ಆಡಿದ ಮಾತು ಹೆತ್ತವಳ ಮುಖಕ್ಕೆ ಬರಲಿಲ್ಲ. ಕರುಣೆಯಿಂದ ಅಂತ ಯಾರೂ ತಿಳಿಯಬಾರದು. ಬೆಂಚಿನ ಜನ ಎದ್ದು ಹತ್ತಿರ ಬಂದಿದ್ದರು. ಅವರ ತೋಳುಗಳೂ ಮಡಚಿಕೊಂಡಿದ್ದವು. ಡಾಕ್ಟರು ಆ ತೋಳುಗಳನ್ನು ಒಂದೊಂದಾಗಿ ನೋಡಿ, ಮೇಲೆ ತಿರುಗುವ ಫ್ಯಾನಿನ ಕಡೆ ಮುಖ ಎತ್ತಿದರು.

“ಇರತಾಳ ತಗೋವಾ. ಭಾಳ ವರ್ಷ ಇರತಾಳ.”

“ಹಂಗಾದ್ರ ಆಕಿಗೆ ಎಣ್ಣಿ ಹಾಕಬ್ಯಾಡ್ರಿ,” ಎಂದಳು ಬಿಲ್ಕೀಸ.

ಡಾಕ್ಟರು ಕಿಸೆಯಿಂದ ಕೀಲಿ ತೆಗೆದು ಮಂಚದ ಮೇಲೆ ಎಸೆದು ಹೊರಟರು. ಗಂಗೂಬಾಯಿ ಹೆಕ್ಕಿಕೊಂಡು ಕಪಾಟಿನ ಕಡೆ ನಡೆದಳು.

“ನನಗೊಂದು ತಗೀಯವಾ,” ಎಂದು ಭೀಮಕ್ಕ ಅವಳ ಹಿಂದೆಯೇ ಹೋದಳು. ಉಳಿದವರೂ ಅವಳ ಹಿಂದೆ ಸಾಲು ನಿಂತರು.

ಬಿಲ್ಕೀಸ ಬಾಟಲಿ ಕಣ್ಣಿಗೆ ಬಿದ್ದ ಮೇಲೆ ತೋಳು ಚಾಚಿದಳು.